ವೀರಗಲ್ಲಿಗೆ ಒಗ್ಗದ ಬಾಳು

ಜನರಿಗಾಗಿ ದುಡಿದವರ ಚರಿತ್ರೆಗಳನ್ನು ಓದುವಾಗ ನನಗೆ ನಮ್ಮ ವೀರಗಲ್ಲುಗಳ ನೆನಪು ಬರುವುದುಂಟು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಕಾಳಗದಲ್ಲಿ ಮಡಿದವನಿಗೆ ಅಷ್ಟು ಸಾಕು. ಕಾಳಗ ಮುಗಿದ ಮೇಲೂ 60 ವರ್ಷ ಬಾಳಿದವರನ್ನು ಅದೇ ಅಚ್ಚಿನಲ್ಲಿ ಎರಕ ಹೊಯ್ದರೆ ಬಹುಭಾಗ ಹೊರಗುಳಿಯುತ್ತದೆ. ಅಮೆರಿಕದ ಟೆಕ್ಸಾಸ್ ಪ್ರಾಂತದ ಕಾರ್ಮಿಕ ನಾಯಕಿ ಎಮಾ ಟೆನಯೂಕಾ ಅವರಿಗೆ ಸಲ್ಲುತ್ತಿರುವ ಗೌರವದಲ್ಲಿ ಈ ಕೊರತೆಯನ್ನು ಕಾಣುತ್ತೇನೆ.

ಆಕೆ 1916ರ ಡಿಸೆಂಬರ್ 21ರಂದು ಸ್ಯಾನ್ ಆಂಟೋನಿಯೊ ನಗರದಲ್ಲಿ, ಮೆಕ್ಸಿಕನ್ ಮೂಲದ ಮನೆತನದಲ್ಲಿ ಹುಟ್ಟಿದರು. ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದರು. ಅಜ್ಜನೊಡನೆ ಊರಿನ ಚೌಕಕ್ಕೆ ಹೋಗಿ ಭಾಷಣಗಳನ್ನು ಕೇಳಿದ್ದೇ ಅವರ ರಾಜಕೀಯದ ಮೊದಲ ಪಾಠ. 1933ರಲ್ಲಿ, ಇನ್ನೂ ಶಾಲೆಯಲ್ಲಿದ್ದಾಗಲೇ, ಸಿಗಾರ್ ಕಾರ್ಖಾನೆಯ ಹೆಂಗಸರ ಮುಷ್ಕರದಲ್ಲಿ ನಿಂತು ಪೊಲೀಸರ ಕೈಗೆ ಸಿಕ್ಕರು.

ಈ ಹುಡುಗಿಯ ಕತೆಯನ್ನು ಕಾರ್ಮೆನ್ ತಫೋಯಾ ಮತ್ತು ಎಮಾ ಅವರ ಸೋದರ ಸೊಸೆ ಶೆರಿಲ್ ಟೆನೆಯೂಕಾ ಸೇರಿ 2008ರಲ್ಲಿ ಮಕ್ಕಳಿಗಾಗಿ ಬರೆದಿದ್ದಾರೆ. ಹೆಸರು ‘ದಟ್ಸ್ ನಾಟ್ ಫೇರ್!’, ‘ಇದು ನ್ಯಾಯವಲ್ಲ’ ಎಂದರ್ಥ. ಒಂದೇ ಪುಸ್ತಕದಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಎರಡೂ ಪಾಠಗಳಿವೆ. ಮಗುವಿನ ಬಾಯಲ್ಲಿ ಸಹಜವಾಗಿ ಬರುವ ಈ ಮಾತನ್ನು ದೊಡ್ಡ ಹೋರಾಟವೊಂದರ ಬೀಜವೆಂದು ಕಂಡದ್ದು ಲೇಖಕಿಯರ ಜಾಣ್ಮೆ. ನ್ಯಾಯವೆಂಬುದನ್ನು ಉಪದೇಶದಿಂದಲ್ಲ, ಕಣ್ಣೆದುರಿನ ಬಡತನದಿಂದ ಕಲಿಯಬಹುದೆಂದು ಮಕ್ಕಳಿಗೆ ಇಲ್ಲಿ ಮನದಟ್ಟಾಗುತ್ತದೆ. ಕತೆಯ ದಾರಿಯೆಲ್ಲ 1938ರ ಮುಷ್ಕರದ ಕಡೆಗೆ ಸಾಗುತ್ತದೆ. ಮಕ್ಕಳ ಪುಸ್ತಕಕ್ಕೆ ಇದು ದೋಷವಲ್ಲ. ದೊಡ್ಡವರ ಸ್ಮರಣೆಯೂ ಅಲ್ಲಿಗೇ ನಿಂತುಬಿಡುವುದು ಮಾತ್ರ ದೋಷ.

ಆ ಮುಷ್ಕರದ ಒಳಗುಟ್ಟನ್ನೇ ನೋಡಿ. ಪೆಕಾನ್ ಎಂಬುದು ಅಕ್ರೋಟಿನ ಬಳಗದ ಕಾಯಿ. ಅದರ ಚಿಪ್ಪು ಬಿಡಿಸಲು ಯಂತ್ರವಿದ್ದರೂ ಮೆಕ್ಸಿಕನ್ ಹೆಂಗಸರ ಕೈ ಯಂತ್ರಕ್ಕಿಂತ ಅಗ್ಗವೆಂದು ಮಾಲೀಕರು ಕೈಗೆಲಸವನ್ನೇ ಆರಿಸಿಕೊಂಡಿದ್ದರು. ಗಾಳಿಯಾಡದ ಕೊಠಡಿಗಳು, ಚಿಪ್ಪಿನ ದೂಳು, ಮನೆಮನೆಯಲ್ಲೂ ಕ್ಷಯದ ಭಯ. ಪೌಂಡಿಗೆ 6–7 ಸೆಂಟ್ ಇದ್ದ ಕೂಲಿಯನ್ನು 5–6ಕ್ಕೆ ಇಳಿಸಿದಾಗ, ಜನವರಿ 31ರಂದು ಕೆಲಸ ನಿಂತಿತು. ಸುಮಾರು 12,000 ಮಂದಿ ಹೊರಬಂದರು. ಸಾವಿರಕ್ಕೂ ಮಿಕ್ಕಿ ಬಂಧನಗಳಾದವು. 21 ವರ್ಷದ ಎಮಾ ಅವರನ್ನು ಕೂಲಿಕಾರರು ನಾಯಕಿಯಾಗಿ ಆರಿಸಿದರು. ಆದರೆ ಆಕೆ ಕಮ್ಯೂನಿಸ್ಟರೆಂಬ ಕಾರಣಕ್ಕೆ ಸಂಘದ ರಾಷ್ಟ್ರೀಯ ಮುಖಂಡರೇ ಅವರನ್ನು ವೇದಿಕೆಯಿಂದ ಬದಿಗೆ ಸರಿಸಿದರು. ಆಕೆ ತೆರೆಯ ಹಿಂದೆ ನಿಂತು ದುಡಿದರು. ಪಂಚಾಯ್ತಿಯಲ್ಲಿ ಕೂಲಿಕಾರರಿಗೆ ಗೆಲುವಾಯಿತು. ಅದೇ ವರ್ಷ ಗಂಟೆಗೆ 25 ಸೆಂಟ್ ಕನಿಷ್ಠ ಕೂಲಿಯ ಕಾನೂನು ಜಾರಿಗೆ ಬಂತು. ಈಗ ಯಂತ್ರವೇ ಅಗ್ಗವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಗೆಲುವಿನೊಳಗೇ ಸೋಲು ಅಡಗಿದ್ದ ಈ ಸಂಕಟವನ್ನು ಪ್ರಶಸ್ತಿಯ ಭಾಷೆ ಹಿಡಿಯಲಾರದು.

ಪ್ರಶಸ್ತಿ ಮರೆಯುವ ಇನ್ನೊಂದು ಸಂಗತಿ, ಆಕೆ ಬರೆಯಬಲ್ಲವರಾಗಿದ್ದರೆಂಬುದು. 1939ರ ಮಾರ್ಚಿಯಲ್ಲಿ ‘ದಿ ಕಮ್ಯೂನಿಸ್ಟ್’ ಪತ್ರಿಕೆಯಲ್ಲಿ ಎಮಾ ಮತ್ತು ಅವರ ಪತಿ ಹೋಮರ್ ಬ್ರೂಕ್ಸ್ ಅವರ ಹೆಸರಿನಲ್ಲಿ ನೈಋತ್ಯ ಪ್ರಾಂತಗಳ ಮೆಕ್ಸಿಕನ್ನರ ಪ್ರಶ್ನೆಯನ್ನು ಕುರಿತ ಲೇಖನವೊಂದು ಬಂತು. ಪಕ್ಷದ ಪರಿಭಾಷೆಯ ಭಾರದಿಂದ ಅದರ ಗದ್ಯ ಕೆಲವೆಡೆ ತೆವಳುತ್ತದೆಂಬುದನ್ನು ಒಪ್ಪಬೇಕು. ಆದರೆ ಅದರ ವಿಚಾರ ಗಟ್ಟಿಯಾದುದು. 1848ರ ಒಪ್ಪಂದದಿಂದ ಅಮೆರಿಕದ ಪಾಲಾದ ನೆಲದ ಹಳೆಯ ನಿವಾಸಿಗಳೂ ಅನಂತರ ಗಡಿ ದಾಟಿ ಬಂದ ಕೂಲಿಗಳೂ ಒಂದೇ ಜನ; ಆದರೆ ಪ್ರತ್ಯೇಕ ರಾಷ್ಟ್ರವಲ್ಲ, ಏಕೆಂದರೆ ಅವರ ಅನ್ನದ ದಾರಿ ದೇಶದ ಉಳಿದವರ ದಾರಿಯೊಡನೆ ಹೆಣೆದುಕೊಂಡಿದೆ. ಆದ್ದರಿಂದ ಅವರಿಗೆ ಬೇಕಾದುದು ಕೂಲಿಯಲ್ಲಿ, ಪೌರತ್ವದಲ್ಲಿ, ಶಾಲೆಯಲ್ಲಿ ಸಮಾನತೆ; ಶಾಲೆಯಲ್ಲಿ ಅವರ ಸ್ಪ್ಯಾನಿಷ್ ಭಾಷೆಗೂ ಸ್ಥಾನ. ಬರಿಯ ಕೆಚ್ಚಿನಿಂದ ಇಂತಹ ಬರಹ ಹುಟ್ಟುವುದಿಲ್ಲ.

ಅದೇ ವರ್ಷದ ಆಗಸ್ಟ್ 25ರಂದು ನಗರ ಸಭಾಭವನದಲ್ಲಿ ಆಕೆ ಭಾಗವಹಿಸಿದ್ದ ಪಕ್ಷದ ಸಭೆಯ ಮೇಲೆ ಸಾವಿರಾರು ಜನರ ಗುಂಪು ಕಲ್ಲು ಬೀರಿ ನುಗ್ಗಿತು. ಪ್ರಾಣ ಉಳಿಸಿಕೊಳ್ಳುವುದೇ ಕಷ್ಟವಾಯಿತು. ಆಮೇಲೆ ಊರಿನಲ್ಲಿ ಕೆಲಸ ಕೊಡುವವರಿಲ್ಲ. ಆಕೆ ಕ್ಯಾಲಿಫೋರ್ನಿಯಕ್ಕೆ ಹೋದರು, ಪಕ್ಷ ಬಿಟ್ಟರು, ಕಾಲೇಜಿನಲ್ಲಿ ಓದಿ 1952ರಲ್ಲಿ ಪದವಿ ಪಡೆದರು. 1960ರ ದಶಕದ ಕೊನೆಗೆ ತನ್ನನ್ನು ಓಡಿಸಿದ ಊರಿಗೇ ಮರಳಿ, ಶಿಕ್ಷಣಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಗಳಿಸಿ, 1982ರವರೆಗೆ ಶಾಲೆಯಲ್ಲಿ ಪಾಠ ಹೇಳಿದರು. 1999ರ ಜುಲೈ 23ರಂದು ತೀರಿಕೊಂಡರು.

ಈ ಉತ್ತರಾರ್ಧವನ್ನು ಹೋರಾಟದಿಂದ ಪಡೆದ ನಿವೃತ್ತಿಯೆಂದು ತಿಳಿಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಶಾಲೆಯ ಸಮಾನತೆಯನ್ನು 1939ರಲ್ಲಿ ಕಾಗದದ ಮೇಲೆ ಬೇಡಿದವರು ವೃದ್ಧಾಪ್ಯದ ಹೊಸ್ತಿಲಲ್ಲಿ ಆ ಶಾಲೆಯೊಳಗೇ ಹೋಗಿ ನಿಂತರು. ಗುಂಪಿನ ಮುಂದೆ ಕೈಯೆತ್ತಿ ಮಾತಾಡುವ ತರುಣಿಯ ಚಿತ್ರ ಸೊಗಸಾದುದೇ. ಅದನ್ನು ಮಕ್ಕಳು ನೋಡಲಿ. ಆದರೆ ಎಮಾ ಅವರ ಸಂಪೂರ್ಣ ಚರಿತ್ರೆ ಬರೆಯಹೊರಡುವವರು ಆ ಲೇಖನವನ್ನೂ ಆ ಪಾಠದ ಕೊಠಡಿಯನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಸೋತದ್ದನ್ನು ಮುಚ್ಚದೆ, ನಂಬಿದ್ದನ್ನು ಅಡಗಿಸದೆ ಬರೆದರೆ ಆಕೆ ಕಿರಿದಾಗುವುದಿಲ್ಲ, ಹತ್ತಿರವಾಗುತ್ತಾರೆ.