ಮೂರು ಋತು, ಒಂದು ಹೂದಾನಿ: ಡಚ್ ಹೂಚಿತ್ರ ನೋಡುವ ರಸಿಕರಿಗೊಂದು ಕೈಪಿಡಿ

ಹದಿನೇಳು, ಹದಿನೆಂಟನೆಯ ಶತಮಾನದ ಡಚ್ ಹೂಚಿತ್ರಗಳನ್ನು ಮೊದಲ ಸಲ ಕಂಡವರು ‘ಥೇಟ್ ನಿಜದ ಹೂವೇ’ ಎಂದು ಮೆಚ್ಚಿ ಮುಂದೆ ನಡೆಯುತ್ತಾರೆ. ದಯವಿಟ್ಟು ಇನ್ನೂ ಸ್ವಲ್ಪ ಹೊತ್ತು ನಿಲ್ಲಿ. ಆ ಗೊಂಚಲು ಯಾರ ಮನೆಯ ಮೇಜಿನ ಮೇಲೂ ಹಾಗೆ ಇದ್ದದ್ದಲ್ಲ. ಕಲಾವಿದರು ಕಾದು, ಸೇರಿಸಿ, ತಿದ್ದಿ ಬೆಳೆಸಿದ ಕಲ್ಪನೆಯ ತೋಟ ಅದು.

ತಿಂಗಳ ಲೆಕ್ಕ ಹಾಕಿ. ಹಾಲೆಂಡಿನಲ್ಲಿ ಟ್ಯೂಲಿಪ್ ಅರಳುವುದು ಏಪ್ರಿಲ್–ಮೇನಲ್ಲಿ, ಗುಲಾಬಿ ಜೂನ್ ಹೊತ್ತಿಗೆ. ದ್ರಾಕ್ಷಿ ಹಣ್ಣಾಗುವಷ್ಟರಲ್ಲಿ ಬೇಸಿಗೆಯೇ ಮುಗಿದಿರುತ್ತದೆ. ಚಿತ್ರದಲ್ಲಿ ಮೂರೂ ಒಟ್ಟಿಗಿವೆ! ಹಾಗೆಂದು ಒಂದೊಂದು ಹೂವೂ ಕಲ್ಪನೆಯದಲ್ಲ. ಫ್ಲಾಂಡರ್ಸಿನ ಕಲಾವಿದ ಯಾನ್ ಬ್ರೂಗಲ್ ಆಂಟ್‌ವರ್ಪಿನಲ್ಲಿ ಸಿಗದ ಹೂಗಳನ್ನು ಕಣ್ಣಾರೆ ನೋಡಿ ಬಿಡಿಸಲು 1606ರಲ್ಲಿ ಬ್ರಸೆಲ್ಸಿಗೇ ಹೋಗಿದ್ದ. ಡಚ್ ಕಲಾವಿದ ಯಾನ್ ವಾನ್ ಹೌಸಮ್ (1682–1749) ಹಳದಿ ಗುಲಾಬಿ ಸಿಗಲಿಲ್ಲ, ಅದಕ್ಕೇ ಚಿತ್ರ ಮುಗಿದಿಲ್ಲ ಎಂದು 1742ರಲ್ಲಿ ಪತ್ರ ಬರೆದ. ಹೂ ನಿಜ, ಕೂಟ ಕಲ್ಪಿತ.

ತೊಟ್ಟು ಹಿಡಿದು ಇಳಿಯಿರಿ. ಎತ್ತರದಲ್ಲಿರುವ ಒಂದು ಹೂವನ್ನು ಆರಿಸಿ, ಅದರ ತೊಟ್ಟು ಹೂದಾನಿಯ ಬಾಯಿಯವರೆಗೆ ಬರುತ್ತದೆಯೇ ನೋಡಿ. ಎಷ್ಟೋ ಸಲ ನಡುವೆಯೇ ಎಲೆಗಳಲ್ಲಿ ಮರೆಯಾಗುತ್ತದೆ. ಭಾರವಾದ ಹೂ ಮೇಲೆ ಹೇಗೆ ನಿಂತಿತು ಎಂಬ ಪ್ರಶ್ನೆಗೆ ಕಲಾವಿದ ತಲೆ ಕೆಡಿಸಿಕೊಂಡಿಲ್ಲ. ಕಣ್ಣು ಹರಿಯುವ ದಾರಿಯೇ ಅವನಿಗೆ ಮುಖ್ಯ.

ತಿದ್ದಿದ್ದನ್ನು ಹುಡುಕಿ. ಎಣ್ಣೆಬಣ್ಣ ಹಳತಾದಂತೆ ತುಸು ಪಾರದರ್ಶಕವಾಗುತ್ತದೆ. ಆಗ ಮುಚ್ಚಿಹಾಕಿದ್ದ ದಳದ ಅಂಚೋ ಎಲೆಯೋ ಮಸುಕಾಗಿ ಮೇಲೆ ಕಾಣಿಸಿಕೊಳ್ಳಬಹುದು. ಅದನ್ನು ಕುಂದು ಎನ್ನಬೇಡಿ. ಕಲಾವಿದ ಮನಸ್ಸು ಬದಲಿಸಿದ ಗಳಿಗೆ ಅದು. ಎಲ್ಲ ಬದಲಾವಣೆಯೂ ಅವನದಲ್ಲ ಎಂಬುದೂ ನೆನಪಿರಲಿ: ವಾನ್ ಹೌಸಮನ ಎಷ್ಟೋ ಎಲೆಗಳು ಇಂದು ನೀಲಿಯಾಗಿ ಕಾಣುವುದಕ್ಕೆ ಕಾರಣ, ನೀಲಿಯ ಜೊತೆ ಸೇರಿ ಹಸಿರಾಗಿದ್ದ ಹಳದಿ ಬಣ್ಣ ಬೆಳಕಿಗೆ ಮಾಸಿಹೋದದ್ದು.

ದಳದ ಮೇಲಿನ ಒಂದು ಇಬ್ಬನಿ ಹನಿಯನ್ನು ಹತ್ತಿರದಿಂದ ನೋಡಿ. ಬೆಳಕು ಬೀಳುವ ಕಡೆ ಹನಿಯೊಳಗೆ ತುಸು ಕಪ್ಪು, ಅದರ ಮೇಲೊಂದು ಬಿಳಿ ಚುಕ್ಕೆ. ಎದುರು ಬದಿಯಲ್ಲಿ ಬೆಳಕಿನ ಸಣ್ಣ ಬಾಗು, ಹೊರಗೆ ಪುಟ್ಟ ನೆರಳು. ನೀರಿಗೆಂದು ಬೇರೆ ಬಣ್ಣವೇ ಇಲ್ಲ. ದಳದ ಬಣ್ಣವೇ ನೀರಾಗಿದೆ.

ಸಹಿ ಓದಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಟೆರಾಕೋಟಾ ಹೂದಾನಿಯ ಹೂಗಳನ್ನು ಬಿಡಿಸಿದ ಚಿತ್ರದ ಮೇಲೆ ವಾನ್ ಹೌಸಮ್ 1736, 1737 ಎಂದು ಎರಡು ಇಸವಿ ಬರೆದಿದ್ದಾನೆ; ಒಂದೇ ವರ್ಷದಲ್ಲಿ ಮುಗಿದ ಚಿತ್ರವಲ್ಲ ಅದು. ಡಚ್ ಕಲಾವಿದೆ ರಾಹೆಲ್ ರೌಶ್ (1664–1750) ಎಂಬತ್ತು ದಾಟಿದ ಮೇಲೂ ಹೂಗಳನ್ನು ಬಿಡಿಸುತ್ತಿದ್ದಳು, ಸಹಿಯ ಪಕ್ಕ ತನ್ನ ವಯಸ್ಸನ್ನೂ ಬರೆಯುತ್ತಿದ್ದಳು.

ಲಂಡನ್ನಿಗೆ ಹೋಗಲೇಬೇಕೆಂದಿಲ್ಲ. ನ್ಯಾಷನಲ್ ಗ್ಯಾಲರಿಯ ಜಾಲತಾಣದಲ್ಲಿ ವಾನ್ ಹೌಸಮನ ಆ ಚಿತ್ರವನ್ನು ಹಿಗ್ಗಿಸಿ ನೋಡಬಹುದು. ಹತ್ತು ಚಿತ್ರ ತಿರುವಿಹಾಕುವ ಬದಲು ಒಂದರ ಮುಂದೆ ಅರ್ಧ ಗಂಟೆ ಕೂರಿ. ‘ಈ ಹೂ ಇಲ್ಲಿ ಯಾಕೆ?’ ಎಂಬ ಪ್ರಶ್ನೆ ತಾನಾಗಿ ಹುಟ್ಟಿದರೆ, ನೀವು ರಸಿಕರಾದಿರಿ.