ಕುಟುಂಬ ಅನ್ನೋ ಮಾತು, ಸಂಘ ಅನ್ನೋ ಮಾತು

ಕೆಲಸದ ಜಾಗದಲ್ಲಿ ಒಗ್ಗಟ್ಟು ಬೇಕು ಅಂತ ಈಗ ಎಲ್ಲರೂ ಹೇಳ್ತಾರೆ. ಮಾಲೀಕ ಹೇಳ್ತಾನೆ, ಮೇಸ್ತ್ರಿ ಹೇಳ್ತಾನೆ, ಮಂತ್ರಿ ಹೇಳ್ತಾನೆ. 'ನಾವೆಲ್ಲ ಒಂದೇ ಕುಟುಂಬ' ಅನ್ನೋದು ಇವರ ಮಂತ್ರ. ಈ ಮಾತನ್ನ ನಾವು ಹಾಗೇ ನುಂಗಬಾರದು. ಕುಟುಂಬ ಅಂದರೆ ಯಾವ ಕುಟುಂಬ? ನಮ್ಮ ಹಳ್ಳಿಗಳಲ್ಲಿ ಜೀತದವನನ್ನೂ 'ನಮ್ಮನೆ ಆಳು' ಅಂತಲೇ ಕರೀತಿದ್ದರು. ಹಾಗೆ ಕರೆದವರೇ ಅವನಿಗೆ ಅನ್ನ ಹಾಕಿದ್ದು ಕೊಟ್ಟಿಗೆ ಬಾಗಿಲಲ್ಲಿ.

ಬೆಂಗಳೂರಿನ ಶ್ರೀನಗರವನ್ನೇ ತಗೊಳ್ಳಿ. ಆಯುಧಪೂಜೆ ದಿನ ಬಸ್ ನಿಲ್ದಾಣದ ಸುತ್ತಮುತ್ತ ಅಂಗಡಿ, ವರ್ಕ್‌ಶಾಪು, ಆಟೋ ಸ್ಟ್ಯಾಂಡು, ಎಲ್ಲೆಲ್ಲೂ ಮಾವಿನ ಸೊಪ್ಪು, ಬಾಳೆಕಂದು. ಮಾಲೀಕ, ಕೆಲಸಗಾರ ಒಟ್ಟಿಗೆ ನಿಂತು ಯಂತ್ರಕ್ಕೆ ಕೈಮುಗೀತಾರೆ. ಬೂದುಗುಂಬಳ ಒಡೀತಾರೆ, ಕಡ್ಲೆಪುರಿ ಹಂಚ್ತಾರೆ. ಒಂದು ದಿನದ ಮಟ್ಟಿಗೆ ಎಲ್ಲರೂ ಒಂದು. ಮಾರನೇ ದಿನ ಬೆಳಕು ಹರಿಯೋ ಹೊತ್ತಿಗೆ ಆ ಒಡೆದ ಕುಂಬಳಕಾಯಿ, ಬಾಡಿದ ಬಾಳೆಕಂದು, ರಸ್ತೆಗೆ ಮೆತ್ತಿದ ಕುಂಕುಮ ಬಳಿಯೋರು ಯಾರು? ಆ ಹೆಣ್ಣುಮಕ್ಕಳಿಗೆ ಬೀದಿಯೇ ಕಾರ್ಖಾನೆ, ಹಾಜರಿ ಹಾಕೋ ರಸ್ತೆ ಮೂಲೆಯೇ ಗೇಟು. ಊರಿನ ದೃಷ್ಟಿ ತೆಗೆದದ್ದನ್ನೆಲ್ಲ ಅವರ ಪೊರಕೆ ಎತ್ತುತ್ತೆ. ಆ ಪೊರಕೆ ಆಯುಧ ಅಲ್ಲವೆ?

ಇದಕ್ಕೆ ಉತ್ತರವಾಗಿ ಕೆಲವರು ಕಾಯಕದ ಮಾತು ಎತ್ತುತ್ತಾರೆ. ಎಲ್ಲ ಕೆಲಸವೂ ಪವಿತ್ರ, ಮೇಲುಕೀಳಿಲ್ಲ ಅಂತಾರೆ. ಸರಿ. ಆದರೆ ಶರಣರ ಕಾಯಕದ ಜೊತೆ ದಾಸೋಹ ಇತ್ತು, ಅಂದರೆ ದುಡಿದದ್ದು ಹಂಚಿಕೆಯಾಗಬೇಕಿತ್ತು. ಅಷ್ಟೇ ಅಲ್ಲ, ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ನೆಂಟಸ್ತನ ಬೆಳೀತು ಅಂತ ಪರಂಪರೆ ಹೇಳುತ್ತೆ. ಕಲ್ಯಾಣ ಹೊತ್ತಿ ಉರಿದದ್ದು ಅದಕ್ಕೆ. ಕಾಯಕವನ್ನ ಹೊಗಳಿದ್ದಕ್ಕೆ ಯಾರೂ ಯಾರನ್ನೂ ಆನೆ ಕಾಲಿಗೆ ಕಟ್ಟಿಸಲಿಲ್ಲ. ಈಗಿನವರು ದಾಸೋಹ ಬಿಟ್ಟರು, ನೆಂಟಸ್ತನ ಬಿಟ್ಟರು, ದುಡಿಮೆಯ ಹೊಗಳಿಕೆ ಒಂದನ್ನ ಇಟ್ಟುಕೊಂಡರು. 2020ರಲ್ಲಿ ಕೊರೊನಾ ಬಂದಾಗ ಪೌರಕಾರ್ಮಿಕರ ಮೇಲೆ ಹೂವು ಸುರಿದದ್ದೂ ಇದೇ ಜಾತಿಯ ಪೂಜೆ. ಹೂವಿನಿಂದ ನೌಕರಿ ಕಾಯಂ ಆಗಲಿಲ್ಲ.

ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಇದರ ಬೇರು ತೋರಿಸಿದ್ದಾರೆ. ಜಾತಿ ಹಂಚೋದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಮಾಡಿ ಬೇರೆಬೇರೆ ಇಡುತ್ತೆ. ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನ ಬಿಡುತ್ತಿರಲಿಲ್ಲ. ನೂಲು ಕಡಿದಾಗ ಬಾಯಿ ಹಚ್ಚಿ ಜೋಡಿಸಬೇಕು, ಎಂಜಲಾಗುತ್ತೆ ಅನ್ನೋದು ನೆಪ. ಹೆಚ್ಚು ಕೂಲಿ ಇದ್ದದ್ದೂ ಆ ಖಾತೆಯಲ್ಲೇ. 1928ರ ದೊಡ್ಡ ಮುಷ್ಕರದ ಹೊತ್ತಲ್ಲಿ ಅವರು ಕಾರ್ಮಿಕ ನಾಯಕರ ಮುಂದೆ ಈ ಪ್ರಶ್ನೆ ಇಟ್ಟರು. 1938ರಲ್ಲಿ ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಮುಂದೆ ನಿಂತು, ದುಡಿಯೋರಿಗೆ ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ಶತ್ರು ಅಂದರು. ಒಂದನ್ನೇ ಶತ್ರು ಅಂದುಕೊಂಡ ಸಂಘ ಅರ್ಧ ಸಂಘ.

ನಮ್ಮ ಸಾಹಿತ್ಯ ಈ ಪ್ರಶ್ನೆಯನ್ನ ಎಷ್ಟು ಮುಟ್ಟಿದೆ? ನವ್ಯದ ಕಥೆಗಳಲ್ಲಿ ಆಫೀಸು ಅಂದರೆ ಒಬ್ಬ ಗುಮಾಸ್ತನ ಒಂಟಿತನ. ಆ ಆಫೀಸಿನ ಕಕ್ಕಸು ತೊಳೆಯೋರು ಆ ಒಂಟಿತನದ ಕಣ್ಣಿಗೆ ಬೀಳೋದು ಅಪರೂಪ. ಪ್ರಗತಿಪರ ಹಾಡುಗಳಲ್ಲಿ ಕಾರ್ಮಿಕ ಅಂದರೆ ಸುತ್ತಿಗೆ ಹಿಡಿದ ಗಂಡಸು. ಪೊರಕೆ ಹಿಡಿದ, ತೆಲುಗು ಬೆರೆತ ಕನ್ನಡ ಆಡೋ ದಲಿತ ಹೆಂಗಸಿಗೆ ಅಲ್ಲಿ ಜಾಗ ಸಿಗೋದು ಕಡೇ ಚರಣದಲ್ಲಿ, ಅದೂ ಕನಿಕರಕ್ಕೆ. ಕನಿಕರಕ್ಕೆ ಪಾತ್ರವಾದವಳು ಸಂಗಾತಿ ಆಗೋದು ಹೇಗೆ?

ಅವಳು ಮಾತ್ರ ಹಾಡಿಗೆ ಕಾಯಲಿಲ್ಲ. ವರ್ಷಾನುಗಟ್ಟಲೆ ಗುತ್ತಿಗೆದಾರನ ಕೈಯಿಂದ ಸಂಬಳ ಇಸಕೊಂಡವಳು, ಹಾಜರಿ ಹಾಕೋ ಅದೇ ಮೂಲೆಯಲ್ಲಿ ಸಂಘದ ಮಾತು ಕಲಿತಳು. 2022ರ ಜುಲೈ ಮೊದಲ ವಾರ ರಾಜ್ಯದ ಪೌರಕಾರ್ಮಿಕರು ಕಾಯಮಾತಿ ಕೇಳಿ ಪೊರಕೆ ಕೆಳಗಿಟ್ಟರು. ಕಸ ಬೀದಿಯಲ್ಲೇ ಕೂತಾಗ ಊರಿಗೆ ಅವರು ಕಂಡರು. 2025ರ ಮೇ 1ರಂದು ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ನೇಮಕಾತಿ ಪತ್ರ ಬಂತು. ಇದು ಯಾರ ಭಿಕ್ಷೆಯೂ ಅಲ್ಲ. ಕುಟುಂಬ ಅನ್ನೋ ಮಾತು ಕೊಡದೇ ಇದ್ದದ್ದನ್ನ ಸಂಘ ಅನ್ನೋ ಮಾತು ಕೊಡಿಸಿತು.

ಇಲ್ಲಿಗೆ ಮುಗೀತು ಅನ್ನೋ ಹಾಗಿಲ್ಲ. ಆ ಪತ್ರ ಬೀದಿ ಗುಡಿಸೋರಿಗೆ ಬಂತು, ಮನೆಮನೆ ಕಸ ಹೊರೋ ಆಟೋ ಚಾಲಕರು, ಸಹಾಯಕರು ಗುತ್ತಿಗೆಯಲ್ಲೇ ಉಳಿದರು. ಒಂದೇ ಬೀದಿ, ಒಂದೇ ಕಸ, ಎರಡು ಜಾತಿಯ ನೌಕರಿ. ಕಾಯಂ ಆದವಳು ಕಾಯಂ ಆಗದವನ ಪಕ್ಕ ನಿಲ್ಲದೆ ಹೋದರೆ, ಜಾತಿ ಮಾಡಿದ ಮೆಟ್ಟಿಲನ್ನೇ ಸರ್ಕಾರಿ ಕಾಗದ ಹೊಸದಾಗಿ ಕಟ್ಟಿದ ಹಾಗೆ. 2025ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಪಾಲಿಕೆಯನ್ನ ಐದು ಮಾಡಿದರು. ಪಾಲಿಕೆ ಐದಾಗಲಿ, ಸಂಘ ಐದಾಗಬಾರದು.

ಹಳ್ಳಿಯ ಮೇಷ್ಟ್ರುಗಳೇ, ಇದು ಬೆಂಗಳೂರಿನ ಕಥೆ ಅಂತ ಪುಟ ತಿರುವಬೇಡಿ. ನಿಮ್ಮ ಶಾಲೆಯೂ ಕೆಲಸದ ಜಾಗವೇ. ದಲಿತ ಅಡುಗೆಯಾಕೆ ಬೇಯಿಸಿದ ಬಿಸಿಯೂಟ ಬೇಡ ಅಂತ ಮಕ್ಕಳನ್ನ ಶಾಲೆ ಬಿಡಿಸಿದ ಊರುಗಳು ಈ ನಾಡಲ್ಲಿವೆ. ಅಂಥ ಊರಲ್ಲಿ ಒಗ್ಗಟ್ಟಿನ ಭಾಷಣ ಬೇಕಿಲ್ಲ. ಮೇಷ್ಟ್ರು ಮೊದಲು ತಟ್ಟೆ ಹಿಡಿದು ಆಕೆಯ ಮುಂದೆ ನಿಲ್ಲಬೇಕು. ಸ್ಟಾಫ್ ರೂಮಿನ ನೀರಿನ ಲೋಟ ಆಕೆಗೂ ಸಿಗಬೇಕು, ಆಕೆಯ ಗೌರವಧನ ತಡವಾದರೆ ನಿಮ್ಮ ಸಂಘದ ಸಭೆಯಲ್ಲಿ ಅದು ಚರ್ಚೆಗೆ ಬರಬೇಕು. ಒಂದೇ ಲೋಟ, ಒಂದೇ ಕಕ್ಕಸು, ಒಂದೇ ಹಾಜರಿ ಪುಸ್ತಕ, ಒಂದೇ ಸಂಘ. ಇವು ಇರೋ ಕಡೆ ಕುಟುಂಬದ ಮಾತು ಆಡಲಿ, ನಾವೂ ಕೇಳ್ತೀವಿ.