ಹಸಿವನ್ನು ಓದಿದವರು ರುಚಿಯನ್ನು ಓದಲಿಲ್ಲ

ವಿಮರ್ಶೆಯ ಸಂಚಿಕೆಗೆ ದನದ ಬಾಡಿನ ಅಡುಗೆ ಬಗ್ಗೆ ಬರೀತೀನಿ ಅಂದಾಗ ಗೆಳೆಯರೊಬ್ಬರು ನಕ್ಕರು. ‘ನಾಟ್ಯಶಾಸ್ತ್ರ’ದಲ್ಲಿ ರಸವೆಂದರೇನು ಎಂದು ವಿವರಿಸಲು ಭರತ ಹೋದದ್ದೂ ಅಡುಗೆಯ ಉದಾಹರಣೆಗೇ. ವ್ಯಂಜನಗಳು ಬೆರೆತು ರುಚಿ ಹುಟ್ಟುವ ಹಾಗೆ ಭಾವಗಳು ಬೆರೆತು ರಸ ಹುಟ್ಟುತ್ತದೆ ಅಂತ. ಅದನ್ನು ಕ್ಲಾಸಿನಲ್ಲಿ ಪಾಠ ಮಾಡುವಾಗ ಯಾರೂ ನಗುವುದಿಲ್ಲ. ಒಲೆ ಯಾರದು ಎಂದು ಗೊತ್ತಾದ ಮೇಲೆ ನಗು ಬರುತ್ತದೆ.

ಅಮೆರಿಕದ ಟೆಕ್ಸಾಸಿನಲ್ಲಿ ಚಳಿಗೆಂದು ಮಾಡುವ ‘ಚಿಲಿ ಕಾನ್ ಕಾರ್ನೆ’ ಎಂಬ ಅಡುಗೆಯಿದೆ. ಸ್ಪ್ಯಾನಿಷ್‌ನಲ್ಲಿ ಅದರ ಅರ್ಥ ಮಾಂಸದ ಜೊತೆ ಮೆಣಸಿನಕಾಯಿ ಎಂದಷ್ಟೆ. ದನದ ಭುಜದ ಗಟ್ಟಿ ಬಾಡನ್ನು ತುಂಡು ಮಾಡಿ ಕೊಬ್ಬಿನಲ್ಲಿ ಕೆಂಪಗೆ ಹುರಿಯುತ್ತಾರೆ. ಒಣಮೆಣಸಿನಕಾಯಿಯನ್ನು ಬಿಸಿನೀರಲ್ಲಿ ನೆನೆಸಿ, ರುಬ್ಬಿ ಹಾಕುತ್ತಾರೆ. ಬೆಳ್ಳುಳ್ಳಿ, ಈರುಳ್ಳಿ, ಜೀರಿಗೆ ಸೇರಿಸಿ ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಬಿಡುತ್ತಾರೆ. ಅವಸರದ ಉರಿಯಲ್ಲಿ ಈ ಬಾಡು ತೊಗಲಿನಂತಾಗುತ್ತದೆ. ನಿಧಾನಕ್ಕೆ ಬೆಂದರೆ ನಾರು, ಪೊರೆಗಳು ಕರಗಿ ಸಾರು ಮಂದವಾಗುತ್ತದೆ. ಅಗ್ಗದ ತುಂಡನ್ನು ಮೆತ್ತಗೆ ಮಾಡುವ ಈ ತಿಳಿವಳಿಕೆ ಬಡವರದು. ನಮ್ಮವ್ವ ಟೆಕ್ಸಾಸಿನ ಹೆಸರು ಕೇಳಿದವಳಲ್ಲ. ಧನುರ್ಮಾಸದ ಚಳಿಯಲ್ಲಿ ಅವಳೂ ಹೀಗೇ ಮಾಡುತ್ತಾಳೆ. ಜೀರಿಗೆ ಕಡಿಮೆ, ಕೊತ್ತಂಬರಿ ಬೀಜ ಜಾಸ್ತಿ, ಜೊತೆಗೆ ಬಿಸಿ ಮುದ್ದೆ. ಮೆಣಸಿನಕಾಯಿಯಾದರೂ ನಮ್ಮ ನಾಡಿಗೆ ಬಂದದ್ದು ಆ ಖಂಡದಿಂದಲೇ, ಪೋರ್ಚುಗೀಸರ ಮೂಲಕ. ಮಡಿಯ ಅಡುಗೆಮನೆಗಳೂ ಅದನ್ನು ಒಳಗೆ ಬಿಟ್ಟುಕೊಂಡವು.

ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದ ಚೌಕಗಳಲ್ಲಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಮೆಕ್ಸಿಕನ್ ಮೂಲದ ಹೆಂಗಸರು ಸಂಜೆ ಮೇಜು ಹಾಕಿ ಈ ಅಡುಗೆ ಮಾರುತ್ತಿದ್ದರು. ಜನ ಅವರನ್ನು ಚಿಲಿ ರಾಣಿಯರು ಎಂದು ಕರೆದರು. 1930ರ ದಶಕದಲ್ಲಿ ನಗರಾಡಳಿತ ನೈರ್ಮಲ್ಯದ ಹೆಸರಿನಲ್ಲಿ ಅವರನ್ನು ಚೌಕದಿಂದ ಎಬ್ಬಿಸಿತು. 1977ರಲ್ಲಿ ಟೆಕ್ಸಾಸ್ ಶಾಸನಸಭೆ ಅದೇ ಚಿಲಿಯನ್ನು ರಾಜ್ಯದ ಅಧಿಕೃತ ಅಡುಗೆಯೆಂದು ಘೋಷಿಸಿತು. ಅಡುಗೆಗೆ ಪಟ್ಟ, ಅಡುಗೆಯವಳಿಗೆ ಗಡೀಪಾರು. ‘ನೈರ್ಮಲ್ಯ’ ಎಂಬ ಮಾತಿಗೆ ಕೇರಿಯವರಿಗೆ ಟಿಪ್ಪಣಿ ಬೇಕಿಲ್ಲ.

ನಮ್ಮ ವಿಮರ್ಶೆ ಇದಕ್ಕಿಂತ ಭಿನ್ನವೆ? ದಲಿತ ಸಾಹಿತ್ಯದ ಹಸಿವನ್ನು ಅದು ಮನಸಾರೆ ಹೊಗಳಿದೆ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಮಂದಿ ಸೇರಿ ಕಡಲೆಕಾಯಿ ತಿನ್ನುವ ರಾತ್ರಿಯೊಂದಿದೆ. ಅಲ್ಲಿ ಹಸಿವಿದೆ, ನಿಜ. ಸುಖವೂ ಇದೆ, ರುಚಿಯೂ ಇದೆ. ಹಸಿದವರಿಗೆ ಮರುಗುವುದು ಸುಲಭ. ಹಸಿದವರಿಗೂ ನಾಲಿಗೆಯಿದೆ, ಅದು ಚೆನ್ನಾಗಿದ್ದದ್ದನ್ನು ಆರಿಸುತ್ತದೆ ಎಂದು ಒಪ್ಪುವುದು ಕಷ್ಟ. ಒಪ್ಪಿದರೆ ‘ಅಭಿರುಚಿ’ ಎಂಬ ಮಾತಿನ ಯಜಮಾನಿಕೆ ಅಲುಗಾಡುತ್ತದೆ.

ಇಲ್ಲೊಂದು ತಕರಾರು ಏಳುತ್ತದೆ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರೇ ಸತ್ತ ದನದ ಮಾಂಸ ಬಿಡಿ ಎನ್ನಲಿಲ್ಲವೆ? ಅಂದರು. ಅದು ಊರಿನ ಚಾಕರಿಗೆ ಅಂಟಿಕೊಂಡು ಬಂದ ದೈನ್ಯವನ್ನು ಬಿಡುವ ಮಾತು. 1948ರ ‘ದಿ ಅನ್‌ಟಚಬಲ್ಸ್’ನಲ್ಲಿ ಅವರೇ ದನದ ಮಾಂಸಕ್ಕೂ ಅಸ್ಪೃಶ್ಯತೆಗೂ ಇರುವ ಗಂಟನ್ನು ಬಿಚ್ಚಿ, ಬ್ರಾಹ್ಮಣರೂ ಒಂದು ಕಾಲಕ್ಕೆ ಅದನ್ನು ತಿಂದವರೇ ಎಂದು ವಾದಿಸಿದರು. ಸ್ವಾಭಿಮಾನದಿಂದ ಬಿಡುವುದು ಬೇರೆ, ನಾಚಿಕೆಯಿಂದ ಮುಚ್ಚಿಡುವುದು ಬೇರೆ.

ನಾನು ಮುಚ್ಚಿಟ್ಟವನೇ. ಎಂ.ಎ.ಯಲ್ಲಿ ದಲಿತ ಕಾವ್ಯದ ಹಸಿವಿನ ಬಗ್ಗೆ ಪ್ರಬಂಧ ಬರೆದು ಒಳ್ಳೆ ಅಂಕ ತಗೊಂಡೆ. ‘ಬಾಡು’ ಎಂಬ ಪದ ಅದರಲ್ಲಿ ಒಂದು ಸಲವೂ ಬರಲಿಲ್ಲ. ಪಾಠಕ್ಕೆ ಸೇರಿದ ಮೊದಲ ಚಳಿಗಾಲ ಸ್ಟಾಫ್ ರೂಮಿನಲ್ಲಿ ಡಬ್ಬಿ ತೆಗೆದೆ. ಪಕ್ಕದವರು ಘಮ ಹಿಡಿದು ‘ಏನ್ ಸಾರ್, ಮಟನ್ನಾ?’ ಅಂದರು. ‘ಹ್ಞೂ’ ಅಂದೆ. ಮನೆಯಲ್ಲಿ ಅದಕ್ಕೆ ‘ದೊಡ್ಡದು’ ಅಂತ ಗುಟ್ಟಿನ ಹೆಸರು. 2021ರಲ್ಲಿ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಜಾರಿಗೆ ಬಂದು, 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದ ದನ ಕಡಿಯುವುದು ಅಪರಾಧವಾಯಿತು. ಒಲೆಯ ಮೇಲಿರುವುದು ಎಮ್ಮೆಯದೇ ಆದರೂ ಅವ್ವ ಈಗ ಆ ಗುಟ್ಟಿನ ಹೆಸರನ್ನೂ ಮೆಲ್ಲಗೆ ಅನ್ನುತ್ತಾಳೆ.

ಮರಾಠಿಯಲ್ಲಿ ಶಾಹು ಪಾಟೋಳೆ 2015ರಲ್ಲಿ ‘ಅನ್ನ ಹೇ ಅಪೂರ್ಣಬ್ರಹ್ಮ’ ಬರೆದು ಮಹಾರ್, ಮಾಂಗ್ ಮನೆಗಳ ಅಡುಗೆಯನ್ನು ದಾಖಲಿಸಿದರು. ನಮ್ಮ ಕೇರಿಗಳ ಅಡುಗೆಯನ್ನೂ ನಾವು ಬರೆದಿಡಬೇಕು. ಅಳತೆ, ಉರಿ, ಹೊತ್ತು, ಮಾಡಿದವಳ ಹೆಸರು ಸಮೇತ. ಅದನ್ನು ಕೃತಿಯೆಂದೇ ಓದಬೇಕು, ಜಗಳ ಆಡಬೇಕು. ನನ್ನ ಪಾಲಿಗೆ ಇನ್ನೂ ಚಿಕ್ಕ ಕೆಲಸವೊಂದಿದೆ. ಈ ಚಳಿಗಾಲ ಪಕ್ಕದವರು ಮತ್ತೆ ಕೇಳಿದರೆ ಸರಿಯಾದ ಉತ್ತರ ಹೇಳಬೇಕು. ಈ ಲೇಖನ ಬರೆಯುವುದಕ್ಕಿಂತ ಅದೇ ಕಷ್ಟವಾಗಿ ಕಾಣುತ್ತಿದೆ.